ಕರೆದರೆ ಓ ಅನ್ನಬೇಕು

ಉಬ್ರಾಣಿ ಕಡೆ ತೋಟದಲ್ಲಿ ಕರೆಂಟ್ ಬಂತಾ ಅಂತ ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ಪಂಪ್‌ಶೆಡ್ಡಿನ ಗೋಡೇಲಿ ಕೆಂಪು, ಹಳದಿ, ನೀಲಿ ಮೂರು ದೀಪ ಇರುತ್ತಲ್ಲ. ಮೂರೂ ಉರಿದರೆ ಹಸಿರು ಗುಂಡಿ ಒತ್ತೋದು. ಒಂದು ಆರಿದ್ದರೂ ಒಂದು ಫೇಸ್ ಇಲ್ಲ ಅಂತ ಲೆಕ್ಕ. ಒತ್ತಿದರೆ ಮೋಟಾರು ಸುಟ್ಟೀತು.

ಅಣ್ಣನ ಮಗಳು ಬೆಂಗಳೂರಲ್ಲಿ ಆ್ಯಪ್ ಡಿಸೈನ್ ಮಾಡೋಳು. ಅಡಿಕೆ ಸುಲಿಯೋ ಹೊತ್ತಿಗೆ ಬಂದಿದ್ದಳು. ಆ ದೀಪ ನೋಡಿ, "ಚಿಕ್ಕಪ್ಪ, ನಮ್ಮ ಕಸುಬಿನ ಮೊದಲ ಪಾಠ ಇದೇ" ಅಂದಳು. ಒಳಗೆ ಏನು ನಡೀತಿದೆ ಅನ್ನೋದು ಬಳಸೋರ ಕಣ್ಣಿಗೆ ಕಾಣ್ತಿರಬೇಕಂತೆ. ಯಾಕೋಬ್ ನೀಲ್ಸನ್ ಅನ್ನೋರು 1994ರಲ್ಲಿ ಪಟ್ಟಿ ಮಾಡಿದ 10 ಸೂತ್ರಗಳಲ್ಲಿ ಮೊದಲನೇದೇ ಅದು.

ಹಾಗಂದ ಕೂಡಲೇ ನನಗೆ ನಮ್ಮಜ್ಜಿ ನೆನಪಾದಳು. ಓಟಿನ ಮೆಷಿನ್ನಿನ ನೀಲಿ ಗುಂಡಿ ಮೇಲೆ ಬೆರಳಿಟ್ಟರೆ, ಅದು ಕೀಂ ಅಂತ ಉದ್ದಕ್ಕೆ ಕೂಗಿ ನಿಲ್ಲೋವರೆಗೂ ತೆಗೀತಿರಲಿಲ್ಲ. ಕೆಂಪು ದೀಪ ಹತ್ತಿತು, ಅದು ಕೂಗಿತು, ಅಂದರೆ ನನ್ನ ಓಟು ಅದಕ್ಕೆ ಮುಟ್ಟಿತು! ಈಗಂತೂ ವಿವಿಪ್ಯಾಟ್ ಚೀಟಿ ಬೇರೆ 7 ಸೆಕೆಂಡು ಕಿಟಕೀಲಿ ಕಾಣುತ್ತೆ. ಓದು ಬರಹ ಬಾರದವಳಿಗೂ ಆ ಮೆಷಿನ್ ಉತ್ತರ ಕೊಡುತ್ತಲ್ಲ, ಅದು ದೊಡ್ಡದು. ಇದಕ್ಕೆ ಡಿಸೈನ್ ಮಾಡೋರು ಫೀಡ್‌ಬ್ಯಾಕ್ ಅಂತಾರಂತೆ. ನಮ್ಮಲ್ಲಿ ಓಗೊಡೋದು ಅಂತೀವಿ, ಅಲ್ವಾ?

ಮೊನ್ನೆ ಮೊಬೈಲಲ್ಲಿ ಒಂದು ಅರ್ಜಿ ತುಂಬಿದೆ. ಸಬ್‌ಮಿಟ್ ಒತ್ತಿದರೆ ಚಕ್ರ ಗಿರಗಿರ. ಹೋಯ್ತೋ ಇಲ್ಲವೋ, ಉಸಿರಿಲ್ಲ. ಮತ್ತೆ ಒತ್ತಿದೆ. ಕೊನೆಗೆ ನೋಡಿದರೆ ಎರಡು ಅರ್ಜಿ ಹೋಗಿವೆ. "ತಪ್ಪು ನಿಮ್ಮದಲ್ಲ, ಮಾಡಿದವರದು" ಅಂದಳು ಹುಡುಗಿ. ಆ ಮಾತು ಕೇಳಿ ಮನಸ್ಸಿಗೆ ಎಷ್ಟು ಹಗುರಾಯ್ತು ಅಂತೀರಿ!

ಡಾನ್ ನಾರ್ಮನ್ ಅನ್ನೋರು 1988ರಲ್ಲಿ ಡಿಸೈನ್ ಬಗ್ಗೆ ಬರೆದ ಪುಸ್ತಕದಲ್ಲೂ ಇದೇ ವಾದವಂತೆ. ಬಾಗಿಲು ಎಳೀಬೇಕೋ ತಳ್ಳಬೇಕೋ ಗೊತ್ತಾಗದೆ ಜನ ಪೇಚಾಡಿದರೆ ಬೈಸಿಕೊಳ್ಳಬೇಕಾದದ್ದು ಬಾಗಿಲು. ನಮ್ಮ ತೋಟದ ಬಾಯಿ ನೋಡಿ: ಎರಡು ಗೂಟ, ಅಡ್ಡಕ್ಕೆ ಮೂರು ಬಿದಿರ ಗಳ. ಹೊಸಬ ಬಂದರೂ ಗಳ ಸರಿಸಿ ಒಳಗೆ ಬರ್ತಾನೆ, ಬೋರ್ಡು ಯಾತಕ್ಕೆ? ನೋಡಿದ ಕೂಡಲೇ ಕೈಗೆ ದಾರಿ ತಿಳಿಯೋದಕ್ಕೆ ಅಫೋರ್ಡೆನ್ಸ್ ಅಂತ ಹೆಸರಂತೆ. ಹೆಸರು ಉದ್ದ ಆಯ್ತು, ಇರಲಿ...

ಅಗೋ, ನೀಲಿ ದೀಪಾನೂ ಹತ್ತಿತು. ತಾಳಿ, ಹಸಿರು ಒತ್ತಿ ಬಂದೆ.