ಅವಿಶ್ವಾಸ ಮೀಮಾಂಸೆ

ವ್ಯುತ್ಪತ್ತಿ: ‘ಶ್ವಸ್’ ಧಾತುವಿಗೆ ಉಸಿರಾಡುವುದೆಂದು ಅರ್ಥ. ಉಸಿರು ನಿರಾಳವಾದರೆ ವಿಶ್ವಾಸ, ಬಿಗಿಹಿಡಿದರೆ ಅವಿಶ್ವಾಸ. ಪ್ರಮಾಣ ಬೇಕೆನ್ನುವವರು ತಲೆ ಎಣಿಸುವ ಹೊತ್ತಿಗೆ ವಿಧಾನಸಭೆಯ ಆಡಳಿತ ಪಕ್ಷದ ಸಾಲುಗಳನ್ನು ಅವಲೋಕಿಸತಕ್ಕದ್ದು.

ನಞರ್ಥ ವಿಚಾರ: ಮುಂದಿರುವ ‘ಅ’ಕಾರಕ್ಕೆ ವೈಯಾಕರಣರು ಆರು ಅರ್ಥ ಹೇಳಿದ್ದಾರೆ. ಆರೂ ನಮ್ಮ ಶಾಸಕಾಂಗ ಪಕ್ಷಗಳಲ್ಲಿ ಲಭ್ಯ. ನಾಯಕರ ಪಕ್ಕ ಹಲ್ಲುಕಿರಿದು ಫೋಟೋಕ್ಕೆ ನಿಲ್ಲುವುದು ಸಾದೃಶ್ಯ. ಮರುದಿನ ಫೋನು ಸ್ವಿಚ್ ಆಫ್ ಆಗುವುದು ಅಭಾವ. ಬೇರೆ ಬಣ್ಣದ ಶಾಲು ಹೊದ್ದು ಪ್ರತ್ಯಕ್ಷವಾಗುವುದು ಅನ್ಯತ್ವ. ನಿಗಮ-ಮಂಡಳಿ ಕೊಟ್ಟರೂ ಸಾಲದೆನ್ನುವುದು ಅಲ್ಪತೆ. ಸಿಕ್ಕ ಖಾತೆ ಫಲವತ್ತಾಗಿಲ್ಲವೆಂದು ಮುನಿಯುವುದು ಅಪ್ರಾಶಸ್ತ್ಯ. ತತ್ತ್ವಕ್ಕಾಗಿ ಎದುರು ನಿಲ್ಲುವುದು ವಿರೋಧ. ಇದಕ್ಕೆ ಉದಾಹರಣೆ ಹುಡುಕಲಾಗುತ್ತಿದೆ.

ಸ್ಥಾನ ನಿರ್ಣಯ: ಅವಿಶ್ವಾಸದ ವಾಸ ರೆಸಾರ್ಟಿನಲ್ಲಿ. ಪರದೆ ಎಳೆದ ಬಸ್ಸು ಬರುತ್ತದೆ, ಗೇಟಿನಲ್ಲೇ ಮೊಬೈಲುಗಳನ್ನು ಒಪ್ಪಿಸಬೇಕು, ರಾತ್ರಿ ಅಂತ್ಯಾಕ್ಷರಿ. ಬಿಡದಿಯೆಂದರೆ ಮದುವೆಗೆ ಬಂದ ಬೀಗರು ಇಳಿದುಕೊಳ್ಳುವ ಮನೆ ಎಂಬುದು ರೂಢಿ. ತಟ್ಟೆ ಇಡ್ಲಿಯ ಬಿಡದಿ 2017ರಲ್ಲಿ ಗುಜರಾತಿನ ಕಾಂಗ್ರೆಸ್ ಶಾಸಕರಿಗೆ ಆಶ್ರಯವಿತ್ತ ಮೇಲೆ, ಒಳಬಂದವರನ್ನು ಹೊರಗೆ ‘ಬಿಡದ’ ಊರೇ ಬಿಡದಿ ಎಂಬ ನಿಷ್ಪತ್ತಿಯೂ ಗ್ರಾಹ್ಯವಾಗಿದೆ.

ಪೂರ್ವಪಕ್ಷ: ಅವಿಶ್ವಾಸದಿಂದ ಸರ್ಕಾರ ಬೀಳುತ್ತದಲ್ಲವೆ?

ಸಿದ್ಧಾಂತ: ಅಲ್ಲ. 1963ರಲ್ಲಿ ಆಚಾರ್ಯ ಕೃಪಲಾನಿ ನೆಹರೂ ಸರ್ಕಾರದ ಮೇಲೆ ಮಂಡಿಸಿದ ಮೊದಲ ಅವಿಶ್ವಾಸ ನಿರ್ಣಯಕ್ಕೆ ಪರವಾಗಿ 62, ವಿರುದ್ಧವಾಗಿ 347 ಮತ. ಅಂದಿನಿಂದ ಲೋಕಸಭೆಯಲ್ಲಿ ಅವಿಶ್ವಾಸ ಒಮ್ಮೆಯೂ ಗೆದ್ದಿಲ್ಲ. ಕೆಡವಿದ್ದು ವಿಶ್ವಾಸವೇ. 1990ರಲ್ಲಿ ವಿ.ಪಿ. ಸಿಂಗ್, 1997ರಲ್ಲಿ ನಮ್ಮ ದೇವೇಗೌಡರು, 1999ರಲ್ಲಿ ಒಂದೇ ಒಂದು ಮತದಿಂದ ವಾಜಪೇಯಿ, ಮೂವರೂ ವಿಶ್ವಾಸ ಕೋರಿಯೇ ಕುರ್ಚಿ ಕಳೆದುಕೊಂಡರು. 2019ರ ಜುಲೈನಲ್ಲಿ ಕುಮಾರಸ್ವಾಮಿಯವರು ಕೇಳಿದ ವಿಶ್ವಾಸಕ್ಕೆ 99 ಮತ ಬಿತ್ತು, ವಿರುದ್ಧ 105 ಬಿತ್ತು, ಸರ್ಕಾರವೂ ಬಿತ್ತು. ಕೇಳದೆ ಇದ್ದಷ್ಟು ದಿನ ಎಲ್ಲರಿಗೂ ಎಲ್ಲರ ಮೇಲೂ ಅವಿಶ್ವಾಸವಿತ್ತು, ಸರ್ಕಾರ ಸುಭದ್ರವಾಗಿತ್ತು.

ಪ್ರಯೋಗ ವಿವೇಕ: ಪತ್ರದ ಕೊನೆಗೆ ‘ತಮ್ಮ ವಿಶ್ವಾಸಿ’ ಎಂದು ಸಹಿ ಹಾಕುವ ಸಂಪ್ರದಾಯವನ್ನು ಶಾಸಕರಾದವರು ಕೈಬಿಡುವುದು ಕ್ಷೇಮ. ಓದಿದ ಮುಖ್ಯಮಂತ್ರಿಗಳು ಗಾಬರಿಬಿದ್ದು ಅಂದೇ ಬಸ್ಸು ಗೊತ್ತುಮಾಡಿಯಾರು.