ಇನ್ನು ಸ್ವಲ್ಪ ಮುಂದೆ ಹೋದರೆ

ಹಾಂಗ್‌ಕಾಂಗ್‌ನ ಸೆಂಟ್ರಲ್ ದಕ್ಕೆಯ ನಾಲ್ಕನೇ ಕಟ್ಟೆಯಿಂದ ಲಮ್ಮಾ ದ್ವೀಪದ ಎರಡು ಊರುಗಳಿಗೆ ಫೆರ್ರಿ ಹೊರಡುತ್ತದೆ. ಒಂದು ಯುಂಗ್ ಶೂ ವಾನ್‌ಗೆ, ಇನ್ನೊಂದು ಸೋಕ್ ಕ್ವೂ ವಾನ್‌ಗೆ. ಯಾವುದನ್ನು ಹತ್ತಿದರೂ ಅರ್ಧ ಗಂಟೆಯ ಆಚೀಚೆ. ಇಳಿದ ಮೇಲೆ ಕಾರಿಲ್ಲ, ಬಸ್ಸಿಲ್ಲ. ಇಡೀ ದ್ವೀಪ 14 ಚದರ ಕಿಲೋಮೀಟರಿನಷ್ಟೂ ಇಲ್ಲ; ಎರಡು ಊರುಗಳನ್ನು ಜೋಡಿಸುವ ಕಾಂಕ್ರೀಟು ಕಾಲುದಾರಿಯನ್ನು ಅಜ್ಜಿ ಮೊಮ್ಮಗ ಕೈಹಿಡಿದು ನಡೆದರೂ ಒಂದೂವರೆ ಗಂಟೆಯಲ್ಲಿ ಮುಗಿಸಬಹುದು. ತಪ್ಪು ಮಾಡಬೇಕೆಂದರೂ ಜಾಗ ಸಾಲದ ಇಂಥ ಕಡೆಯಲ್ಲೂ, ಯಾವ ತೀರಕ್ಕೆ ಹೋಗುವುದು ಎಂಬುದನ್ನು ರಾಜ್ಯಭಾರದ ಪ್ರಶ್ನೆ ಮಾಡಬಲ್ಲ ಮಹಾನುಭಾವನೊಬ್ಬನಿದ್ದಾನೆ. ಭಾನುವಾರ ಹೊರಟ ಪ್ರತಿ ಗುಂಪಿನಲ್ಲೂ ಒಬ್ಬನಾದರೂ ಇರುತ್ತಾನೆ. ಅವನನ್ನು ತೀರಪರೀಕ್ಷಕ ಎನ್ನೋಣ. ತಲೆಗೆ ಅಗಲ ಅಂಚಿನ ಟೋಪಿ, ಬೆನ್ನಿಗೆ ಅಗತ್ಯಕ್ಕಿಂತ ದೊಡ್ಡ ಚೀಲ, ಫೋನಿನಲ್ಲಿ ಬಣ್ಣಬಣ್ಣದ ಗುರುತು ಹಾಕಿದ ನಕ್ಷೆ, ಬಾಯಲ್ಲಿ ಒಂದೇ ಮಂತ್ರ: "ಇನ್ನು ಸ್ವಲ್ಪ ಮುಂದೆ ಹೋದರೆ..." ಗೋಕರ್ಣದಲ್ಲಿ ಕುಡ್ಲೆಯಲ್ಲಿ ಕೂರಗೊಡದೆ ಓಂ, ಹಾಫ್ ಮೂನ್, ಪ್ಯಾರಡೈಸ್ ಎಂದು ಬಂಡೆ ಹತ್ತಿಸುವವನು ಇವನ ಖಾಸಾ ತಮ್ಮ. ಪಾಪ, ಒಳ್ಳೆಯ ತೀರ ಹುಡುಕುತ್ತಿದ್ದಾನೆ ಎಂದು ಜೊತೆಯವರು ನಂಬಿರುತ್ತಾರೆ. ನನ್ನ ವಾದ ಬೇರೆ. ಒಳ್ಳೆಯ ತೀರ ಮೊದಲ ಇಪ್ಪತ್ತು ನಿಮಿಷದಲ್ಲೇ ಸಿಕ್ಕಿರುತ್ತದೆ. ಅವನಿಗೆ ಬೇಕಾಗಿರುವುದು, ನಾಳೆ ಯಾರೂ ತನ್ನನ್ನು ದೂರಲಾಗದಂಥ ತೀರ.

ಆ ಇಪ್ಪತ್ತು ನಿಮಿಷದ ತೀರದ ಹೆಸರು ಹಂಗ್ ಶಿಂಗ್ ಯೇ. ಯುಂಗ್ ಶೂ ವಾನ್‌ನಿಂದ ಬರುವ ದಾರಿಯಲ್ಲೇ ಶುಂಠಿ ಪಾಕದ ಮೆತ್ತನೆ ತೋಫು ತಿಂದು ಬರಬಹುದು. ಮರಳಿದೆ, ಮರವಿದೆ, ಬಟ್ಟೆ ಬದಲಿಸಲು ಕೋಣೆಯಿದೆ, ಶಾರ್ಕ್ ತಡೆಯಲು ಬಲೆಯಿದೆ. ಗುಂಪಿನವರು ಒಂದು ಕಾಲಿನ ಚಪ್ಪಲಿ ಬಿಟ್ಟು ಇನ್ನೊಂದಕ್ಕೆ ಬಾಗುವ ಹೊತ್ತಿಗೆ ಸರಿಯಾಗಿ ತೀರಪರೀಕ್ಷಕ ಟೋಪಿಯ ಅಂಚನ್ನು ಮೇಲೆತ್ತಿ ಪಕ್ಕಕ್ಕೆ ನೋಡುತ್ತಾನೆ. ಅಲ್ಲಿ ವಿದ್ಯುತ್ ಸ್ಥಾವರದ ಮೂರು ಚಿಮಣಿಗಳು. "ಛೆ!" ಎನ್ನುತ್ತಾನೆ. ಅಷ್ಟೇ; ಬಿಟ್ಟ ಚಪ್ಪಲಿ ಮತ್ತೆ ಕಾಲಿಗೆ. ಈ "ಛೆ"ಯನ್ನು ತುಸು ವಿಚಾರಿಸಬೇಕು. ಆ ಸ್ಥಾವರ 1982ರಿಂದ ಕೆಲಸ ಮಾಡುತ್ತಿದೆ. ಹಾಂಗ್‌ಕಾಂಗ್ ದ್ವೀಪಕ್ಕೂ ಲಮ್ಮಾಗೂ ಕರೆಂಟು ಬರುವುದು ಅಲ್ಲಿಂದ. ಅಂದರೆ ವಾನ್ ಚಾಯ್‌ನ ಯಾವುದೋ ಮಹಡಿಯಲ್ಲಿ ಈತ ರಾತ್ರಿಯಿಡೀ ಎಸಿ ಹಾಕಿಕೊಂಡು, ಚಳಿಯೆಂದು ಮೇಲೆ ಕಂಬಳಿಯನ್ನೂ ಹೊದ್ದು ಮಲಗಿದ್ದು ಆ ಚಿಮಣಿಗಳ ಕೃಪೆಯಿಂದ. ಉಪಕಾರ ಮಾಡಿದ್ದೆಲ್ಲ ಕಣ್ಣಿಗೂ ಚಂದವಿರಬೇಕೇ ಎಂದು ನೀವು ಕೇಳಬಹುದು; ನ್ಯಾಯವಾದ ಪ್ರಶ್ನೆ. ಆದರೆ ಅದೇ ದ್ವೀಪದ ಗುಡ್ಡದ ಮೇಲೆ 2006ರಲ್ಲಿ ಚಾಲೂ ಆದ ಗಾಳಿಯಂತ್ರವೊಂದಿದೆ. ಅದೂ ಕಂಬವೇ, ಅದೂ ಆಕಾಶಕ್ಕೆ ಅಡ್ಡವೇ. ಸಾಮರ್ಥ್ಯ ಬರೀ 800 ಕಿಲೋವಾಟ್, ಸ್ಥಾವರದ ಎದುರು ಲೆಕ್ಕಕ್ಕೇ ಇಲ್ಲ. ಅದರ ಬುಡದಲ್ಲಿ ಈತ ಎದೆಯುಬ್ಬಿಸಿ ಫೋಟೊ ತೆಗೆಸಿಕೊಳ್ಳುತ್ತಾನೆ! ಹಾಗಾದರೆ ನೋವು ಕಣ್ಣಿಗಾದದ್ದಲ್ಲ. ಫೋಟೊದಲ್ಲಿ ಚಿಮಣಿ ಬಂದರೆ ನೋಡಿದವರು "ಎಲ್ಲಿಗೆ ಕರೆದುಕೊಂಡು ಹೋಗಿದ್ದನಪ್ಪಾ?" ಎನ್ನುತ್ತಾರೆ, ಗಾಳಿಯಂತ್ರ ಬಂದರೆ ಲೈಕು ಒತ್ತುತ್ತಾರೆ. ಸ್ಥಾವರಕ್ಕೆ ಇನ್ನೂ ಹತ್ತಿರದ ತಾಯ್ ವಾನ್ ತೋ ತೀರವಂತೂ ಅವನ ನಕ್ಷೆಯಲ್ಲೇ ಇಲ್ಲ. ದ್ವೀಪದಲ್ಲೇ ವಾಸವಿರುವವರು ಅಲ್ಲಿ ನೆಮ್ಮದಿಯಾಗಿ ಈಜುತ್ತಾರೆ. ಅವರು ಯಾರಿಗೂ ವರದಿ ಒಪ್ಪಿಸಬೇಕಾಗಿಲ್ಲ.

ಸುರಕ್ಷತೆ ನೋಡಬೇಡವೇ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ನೋಡಲೇಬೇಕು. 1995ರಲ್ಲಿ ಹಾಂಗ್‌ಕಾಂಗ್‌ನ ಪೂರ್ವದ ಕಡಲಲ್ಲಿ ಎರಡು ವಾರದೊಳಗೆ ಮೂವರು ಶಾರ್ಕಿಗೆ ಬಲಿಯಾದರು; ತೀರಗಳಲ್ಲಿ ಬಲೆಗಳು ಬಂದದ್ದು ಆ ಭಯದಿಂದ. ನೀರನ್ನು ಸರ್ಕಾರವೇ ಪರೀಕ್ಷಿಸಿ ನಾಲ್ಕು ದರ್ಜೆ ಕೊಡುತ್ತದೆ: 100 ಮಿಲಿಲೀಟರಿನಲ್ಲಿ ಇ-ಕೋಲಿ 24 ಮೀರದಿದ್ದರೆ ಉತ್ತಮ, 610 ದಾಟಿದರೆ ತೀರಾ ಕಳಪೆ. ತೀರಪರೀಕ್ಷಕನಿಗೆ ಇದೆಲ್ಲ ಬಾಯಿಪಾಠ. ನಿಜವಾಗಿ ಸುರಕ್ಷತೆಯೇ ಅವನ ಚಿಂತೆಯಾಗಿದ್ದರೆ ಚರ್ಚೆ ದಕ್ಕೆಯಲ್ಲೇ ಮುಗಿಯಬೇಕಿತ್ತು, ಏಕೆಂದರೆ ಲಮ್ಮಾದಲ್ಲಿ ಬಲೆಯೂ ಜೀವರಕ್ಷಕರೂ ಇರುವ ಸರ್ಕಾರಿ ತೀರಗಳು ಎರಡೇ: ಹಂಗ್ ಶಿಂಗ್ ಯೇ ಮತ್ತು ಲೋ ಸೋ ಶಿಂಗ್. ಆದರೆ ಅಂಕಿಅಂಶವನ್ನು ಅವನು ಚರ್ಚೆ ಮುಗಿಸಲು ಬಳಸುವವನಲ್ಲ. ತರಕಾರಿ ಗಾಡಿಯ ಮುಂದೆ ನಿಂತು ಒಂದೊಂದೇ ಬೆಂಡೆಕಾಯಿಯ ತುದಿ ಮುರಿದು ನೋಡುವವನಂತೆ, ಪರೀಕ್ಷೆ ಮುಂದುವರಿಯುವುದೇ ಅವನಿಗೆ ಮುಖ್ಯ. ಮನೆಯಲ್ಲಿ ಪಲ್ಯವಾಗುವುದು ಆಮೇಲಿನ ಮಾತು.

ಹಂಗ್ ಶಿಂಗ್ ಯೇ ಬಿದ್ದುಹೋದದ್ದಕ್ಕೆ ಎರಡನೆಯ ಕಾರಣ ಜನ ಜಾಸ್ತಿ ಎಂಬುದು. ಗುಡ್ಡ ಹತ್ತಿಳಿದು, ದಾರಿ ಕವಲೊಡೆಯುವಲ್ಲಿ ತಿರುಗಿ ಲೋ ಸೋ ಶಿಂಗ್ ತಲುಪಿದರೆ ಜನ ಬೆರಳೆಣಿಕೆ. ಆಗ ಅವನ ಹುಬ್ಬು ಇನ್ನಷ್ಟು ಗಂಟಾಗುತ್ತದೆ: "ಯಾರೂ ಯಾಕೆ ಬಂದಿಲ್ಲ? ಏನೋ ಇರಬೇಕು." ಆ 'ಏನೋ' ಏನೆಂದು ಈವರೆಗೆ ಬಯಲಾಗಿಲ್ಲ. ಸೋಕ್ ಕ್ವೂ ವಾನ್‌ನ ಮೀನಿನ ಹೋಟೆಲುಗಳ ಮುಂದೆ, ತೊಟ್ಟಿಯೊಳಗಿನ ಏಡಿಗಳನ್ನು ಆಸೆಯಿಂದ ನೋಡುತ್ತ ಗುಂಪು ಮುಂದೆ ಸಾಗುತ್ತದೆ. ಮೋ ತಾತ್ ವಾನ್ ಚಿಕ್ಕದಾಯಿತು, ತುಂಗ್ ಓ ಬಿಕೋ ಎನ್ನುತ್ತದೆ. ಕೊನೆಗೆ ದಕ್ಷಿಣದ ಶಾಮ್ ವಾನ್. ಹಸಿರು ಆಮೆ ಮೊಟ್ಟೆಯಿಡುವ ತೀರವೆಂದು 1999ರಿಂದ ಅದಕ್ಕೆ ರಕ್ಷಣೆಯಿದೆ. ಈಗ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮರಳಿಗೂ ಅದರ ಮುಂದಿನ ನೀರಿಗೂ ಪರವಾನಗಿಯಿಲ್ಲದೆ ಇಳಿಯುವಂತಿಲ್ಲ, ಇಳಿದರೆ 50,000 ಹಾಂಗ್‌ಕಾಂಗ್ ಡಾಲರುಗಳವರೆಗೆ ದಂಡ. ಫಲಕ ಓದಿದ ತೀರಪರೀಕ್ಷಕನ ಮುಖದಲ್ಲಿ ದಿನದ ಮೊದಲ ನಗು: "ನೋಡಿ, ಬೀಚ್ ಅಂದರೆ ಇದು!" ನನ್ನ ವಾದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಕಾಲಿಡಲಾಗದ ತೀರ ಯಾರನ್ನೂ ನಿರಾಸೆಗೊಳಿಸದು, ಹೋಗಲಾಗದ್ದಕ್ಕೆ ಸರ್ಕಾರವೇ ಹೊಣೆ. ಹೆಣ್ಣಾಮೆಯಾದರೋ ಸಾಗರ ಸುತ್ತಿ, ದಶಕಗಳ ನಂತರ ತಾನು ಹುಟ್ಟಿದ ಕಡೆಗೇ ಮರಳುತ್ತದೆ. ಎಲ್ಲಿಗೆಂಬ ಪ್ರಶ್ನೆಯೇ ಅದಕ್ಕಿಲ್ಲ. ಈಚೆಗೆ ಅದು ಶಾಮ್ ವಾನ್‌ಗೆ ಬರುವುದೇ ಅಪರೂಪವಾಗಿದೆ ಎನ್ನುವುದು ಮಾತ್ರ ನಗುವ ವಿಷಯವಲ್ಲ.

ಇಷ್ಟು ಹೇಳಿ ಅವನನ್ನು ಕೈಬಿಡುವುದು ಅನ್ಯಾಯ. ದೋಷ ಹುಡುಕುವವನ ದೋಷವನ್ನು ಪುಟಗಟ್ಟಲೆ ಹುಡುಕುವುದು ಯಾವ ಕಸುಬು ಎಂದು ಯಾರಾದರೂ ಕೇಳಿದರೆ ನನ್ನ ಹತ್ತಿರವೂ ಒಳ್ಳೆಯ ಉತ್ತರವಿಲ್ಲ. ಅವನಿಲ್ಲದಿದ್ದರೆ ಗುಂಪು ದಕ್ಕೆಗೇ ಬರುತ್ತಿರಲಿಲ್ಲ. ಮಧ್ಯಾಹ್ನದವರೆಗೆ ಮಲಗಿ, ಸಂಜೆ ಮಾಲ್ ಸುತ್ತಿ, ಭಾನುವಾರ ಮುಗಿಯಿತೆನ್ನುತ್ತಿತ್ತು. ಆ ದೊಡ್ಡ ಚೀಲದಲ್ಲಿ ಇರುವುದು ಬಹುಪಾಲು ಬೇರೆಯವರ ಸಾಮಾನು: ಮರೆತು ಬಂದವರಿಗೆ ನೀರು, ಚರ್ಮ ಸುಲಿದವರಿಗೆ ಪಟ್ಟಿ, ಯಾರದೋ ಮಗುವಿಗೆ ಟವಲು. ಬಿಡುವಿಲ್ಲದ ಊರಿನಲ್ಲಿ ವಾರಕ್ಕೊಂದೇ ರಜೆ ಸಿಗುವವರ ಆ ಒಂದು ದಿನ ತನ್ನ ಕೈಯಿಂದ ಕೆಟ್ಟೀತೆಂಬ ಹೆದರಿಕೆಯಲ್ಲಿ ಅವನು ನಡೆಯುತ್ತಾನೆ, ನಡೆಸುತ್ತಾನೆ. ತಾನು ಮಾತ್ರ ಒಮ್ಮೆಯೂ ನೀರಿಗಿಳಿಯುವುದಿಲ್ಲ. ಆದ್ದರಿಂದ ಅವನನ್ನು ಸಂಪುಟದಿಂದ ಕೈಬಿಡುವ ಪ್ರಶ್ನೆಯೇ ಇಲ್ಲ, ಖಾತೆ ಬದಲಾದರೆ ಸಾಕು. ಫೆರ್ರಿಯ ವೇಳೆ ಅವನಿಗೇ ಇರಲಿ. ಸೋಕ್ ಕ್ವೂ ವಾನ್‌ನಲ್ಲಿ ಒಂದು ತಪ್ಪಿದರೆ ಇನ್ನೊಂದಕ್ಕೆ ಬಹಳ ಹೊತ್ತು ಕಾಯಬೇಕು, ಅಲ್ಲಿ ಅವನಂಥವನೇ ಬೇಕು. ನೀರು, ಔಷಧಿ, ಹೋಟೆಲಿನ ಬಿಲ್ಲು ಹಂಚುವುದು, ಎಲ್ಲವೂ ಅವನಿಗೆ. ತೀರದ ಖಾತೆಯನ್ನು ಮಾತ್ರ ಗುಂಪಿನಲ್ಲಿ ಎಲ್ಲರಿಗಿಂತ ಸೋಮಾರಿಯಾದವನಿಗೆ, ಸಾಧ್ಯವಾದರೆ ಕಾಲುನೋವೂ ಇರುವವನಿಗೆ, ಸೆಂಟ್ರಲ್‌ನಲ್ಲೇ ವಹಿಸಿಬಿಡಬೇಕು.