ಬಾರದವರ ಪಾಲಿನ ಚಿನ್ನ: ಕಿರ್ಸ್ಟಿ ಕೊವೆಂಟ್ರಿ ಅವರಿಗೊಂದು ಬಹಿರಂಗ ಪತ್ರ

ಮಾನ್ಯ ಕಿರ್ಸ್ಟಿ ಕೊವೆಂಟ್ರಿ ಅವರಿಗೆ,

ನೀವು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷರು ಎಂಬುದಕ್ಕಷ್ಟೇ ಈ ಪತ್ರವಲ್ಲ, ನೀವು ಜಿಂಬಾಬ್ವೆಯವರು ಎಂಬುದಕ್ಕೂ ಹೌದು. ನಿಮ್ಮ ದೇಶಕ್ಕೂ ನನ್ನ ದೇಶಕ್ಕೂ ಒಂದೇ ಊರಿನಲ್ಲಿ, ಒಂದೇ ವಾರದಲ್ಲಿ, ಒಂದೇ ಆಟದಲ್ಲಿ ಚಿನ್ನ ಸಿಕ್ಕಿತ್ತು.

1980ರ ಜುಲೈ ಕೊನೆಯ ವಾರ, ಮಾಸ್ಕೋ ಒಲಿಂಪಿಕ್ಸ್. ಭಾರತದ ಪುರುಷರ ಹಾಕಿ ತಂಡ ಫೈನಲ್‌ನಲ್ಲಿ ಸ್ಪೇನ್ ತಂಡವನ್ನು 4-3ರಿಂದ ಸೋಲಿಸಿತು. ಅದೇ ವಾರ ನಿಮ್ಮ ಮಹಿಳಾ ತಂಡ ಆಸ್ಟ್ರಿಯಾವನ್ನು 4-1ರಿಂದ ಮಣಿಸಿ ಚಿನ್ನ ಗೆದ್ದುಕೊಂಡಿತು. ನೀವು ಹುಟ್ಟಿದ್ದು ಅದಾದ ಮೂರು ವರ್ಷಕ್ಕೆ. 1980ರಲ್ಲಿ ನಾನು ಕೊಡಗಿನಲ್ಲಿ ಶಾಲೆಗೆ ಹೋಗುತ್ತಿದ್ದ ಹುಡುಗ. ನಮ್ಮ ಕೊಡಗಿನ ಎಂ.ಎಂ. ಸೋಮಯ್ಯ ಆ ಭಾರತ ತಂಡದಲ್ಲಿದ್ದರು. ರೇಡಿಯೊದಲ್ಲಿ ಸುದ್ದಿ ಬಂದಾಗ ಹೊರಗೆ ಜಡಿಮಳೆ. ಗದ್ದೆಯಿಂದ ಬಂದ ಅಪ್ಪ ಕಾಲು ತೊಳೆಯುವುದನ್ನೂ ಮರೆತು ಜಗಲಿಯಲ್ಲಿ ನಿಂತೇ ಕೇಳಿದರು. ಆ ಮೈದಾನದಲ್ಲಿ ಯಾರಿರಲಿಲ್ಲ ಎಂದು ಅಂದು ನಮ್ಮೂರಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಇರದವರು ಯಾರು ಗೊತ್ತೆ? 1976ರ ಮಾಂಟ್ರಿಯಲ್‌ನಲ್ಲಿ ಹಾಕಿ ಪದಕ ಗೆದ್ದ ಮೂರೂ ತಂಡಗಳು, ಅಂದರೆ ನ್ಯೂಜಿಲೆಂಡ್, ಆಸ್ಟ್ರೇಲಿಯಾ, ಪಾಕಿಸ್ತಾನ, ಮಾಸ್ಕೋಗೆ ಬರಲಿಲ್ಲ. ಪಶ್ಚಿಮ ಜರ್ಮನಿ, ಹಾಲೆಂಡ್ ತಂಡಗಳೂ ಇರಲಿಲ್ಲ. ಆಡಿದ್ದು ಆರೇ ತಂಡ. ಟಾಂಜಾನಿಯಾ ವಿರುದ್ಧ ನಾವು ಹದಿನೆಂಟು ಗೋಲು ಹೊಡೆದೆವು. ನಿಮ್ಮ ಹುಡುಗಿಯರಿಗಂತೂ ಕರೆ ಬಂದದ್ದೇ ಕೂಟಕ್ಕೆ ಕೆಲವು ವಾರವಷ್ಟೇ ಉಳಿದಿದ್ದಾಗ. ಜಿಂಬಾಬ್ವೆ ಸ್ವತಂತ್ರವಾಗಿ ಆಗ ಮೂರು ತಿಂಗಳಾಗಿತ್ತು. ಅವರು ಆಡಿದ ಆಟದಲ್ಲಿ ಕೊರತೆಯಿರಲಿಲ್ಲ, ನಮ್ಮ ನಾಯಕ ಭಾಸ್ಕರನ್ ಬಳಗದ ಬೆವರಿನಲ್ಲೂ ಕೊರತೆಯಿರಲಿಲ್ಲ. ಆದರೂ ಆ ಎರಡು ಚಿನ್ನಗಳಲ್ಲಿ ಬಾರದವರ ಪಾಲೂ ಇದೆ ಎಂದು ನನಗೆ ಬಲವಾಗಿ ಅನಿಸುತ್ತದೆ. ನಮ್ಮೆರಡು ದೇಶಗಳೂ ಆ ಸಾಲವನ್ನು ಬಾಯಿಬಿಟ್ಟು ಒಪ್ಪಿಕೊಂಡಿಲ್ಲ.

1979ರ ಡಿಸೆಂಬರಿನಲ್ಲಿ ಸೋವಿಯತ್ ಸೇನೆ ಅಫ್ಗಾನಿಸ್ತಾನಕ್ಕೆ ನುಗ್ಗಿತು. ಅದಕ್ಕೆ ಉತ್ತರವಾಗಿ ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಮಾಸ್ಕೋ ಒಲಿಂಪಿಕ್ಸ್ ಬಹಿಷ್ಕಾರಕ್ಕೆ ಕರೆ ಕೊಟ್ಟರು. ಹತ್ತಾರು ದೇಶಗಳು ಅವರ ಹಿಂದೆ ನಡೆದವು. ಒಬ್ಬ ಸೈನಿಕನೂ ಅದರಿಂದ ಮನೆಗೆ ಮರಳಲಿಲ್ಲ. ಸೇನೆ ಅಲ್ಲಿಂದ ಪೂರ್ತಿ ಹೊರಟದ್ದು 1989ರಲ್ಲಿ. ಆದರೆ ಆ ಅಮೆರಿಕನ್ ತಂಡಕ್ಕೆ ಆಯ್ಕೆಯಾಗಿದ್ದವರಲ್ಲಿ ಇನ್ನೂರಕ್ಕೂ ಹೆಚ್ಚು ಜನ ಮತ್ತೆಂದೂ ಒಲಿಂಪಿಕ್ಸ್ ಮೆಟ್ಟಿಲು ಹತ್ತಲಿಲ್ಲ. ಮಾಂಟ್ರಿಯಲ್‌ನಲ್ಲಿ ದೋಣಿ ಸ್ಪರ್ಧೆಯ ಕಂಚು ಗೆದ್ದಿದ್ದ ಅನಿತಾ ಡಿಫ್ರಾಂಟ್ಜ್ ತನ್ನದೇ ದೇಶದ ಒಲಿಂಪಿಕ್ ಸಮಿತಿಯ ಮೇಲೆ ಕೋರ್ಟಿಗೆ ಹೋದರು, ಸೋತರು. ನಿಮಗಿಂತ ಮೊದಲು ಈ ಕುರ್ಚಿಯಲ್ಲಿದ್ದ ಥಾಮಸ್ ಬಾಖ್ 1976ರಲ್ಲಿ ಕತ್ತಿವರಸೆಯ ಚಿನ್ನ ಗೆದ್ದವರು. 1980ರಲ್ಲಿ ಪಶ್ಚಿಮ ಜರ್ಮನಿಯ ಆಟಗಾರರ ಪರವಾಗಿ ಬಹಿಷ್ಕಾರ ಬೇಡವೆಂದು ವಾದಿಸಿ ಸೋತರು. ಬಾಖ್ ಆ ವರ್ಷ ಕಳೆದುಕೊಂಡವರು. ನೀವು ಆ ವರ್ಷ ಪಡೆದ ದೇಶದವರು. ಕಳೆದುಕೊಂಡವರು ಹೇಳಿದರೆ ಅದು ದೂರು ಅನ್ನಿಸಿಬಿಡುತ್ತದೆ. ಪಡೆದವರು ಹೇಳಿದರೆ ಜಗತ್ತು ಕೇಳುತ್ತದೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ರಾಜಕೀಯವನ್ನು ಆಟದಿಂದ ದೂರವಿಡಿ ಎಂಬ ಹಳೆಯ ಮಾತನ್ನು ನಾನು ಹೇಳಲಾರೆ. 1974ರಲ್ಲಿ ಭಾರತ ಡೇವಿಸ್ ಕಪ್ ಫೈನಲ್ ತಲುಪಿತ್ತು. ಎದುರಾಳಿ ದಕ್ಷಿಣ ಆಫ್ರಿಕಾ. ವಿಜಯ್ ಅಮೃತರಾಜ್ ಮತ್ತವರ ಜೊತೆಗಾರರು ಗೆಲ್ಲಬಹುದಾಗಿದ್ದ ಕಪ್ಪನ್ನು ದೇಶ ಆಡದೆಯೇ ಬಿಟ್ಟುಕೊಟ್ಟಿತು. ಆ ನಿರ್ಧಾರ ಸರಿಯೆಂದೇ ಇವತ್ತಿಗೂ ನಂಬಿದ್ದೇನೆ, ಏಕೆಂದರೆ ಅಲ್ಲಿ ಕೊಳೆ ಆಟದ ಒಳಗೇ ಇತ್ತು. ಚರ್ಮದ ಬಣ್ಣ ನೋಡಿ ತಂಡ ಕಟ್ಟುವವರ ಜೊತೆ ಆಡುವುದೆಂದರೆ ಆ ಕಟ್ಟುಪಾಡಿಗೆ ಒಪ್ಪಿಗೆಯ ಮುದ್ರೆ ಒತ್ತಿದಂತೆ. ನಿಮ್ಮ ನೆಲ ಬಿಳಿಯರ ಆಳ್ವಿಕೆಯ ರೊಡೇಷಿಯಾ ಆಗಿದ್ದಾಗ, 1972ರಲ್ಲಿ, ಮ್ಯೂನಿಕ್ ಕೂಟಕ್ಕೆ ಕೆಲವೇ ದಿನ ಇರುವಾಗ ಒಲಿಂಪಿಕ್ ಸಮಿತಿ ಆಹ್ವಾನ ಹಿಂಪಡೆದದ್ದು ನಿಮಗೆ ಗೊತ್ತಿರುತ್ತದೆ. ಆ ತಂಡದಲ್ಲಿ ಕಪ್ಪು ಜನಾಂಗದ ಓಟಗಾರರೂ ಇದ್ದರು. ನ್ಯಾಯದ ಬಹಿಷ್ಕಾರದಲ್ಲೂ ಪೆಟ್ಟು ಬಿದ್ದದ್ದು ಅವರ ಮೇಲೆ. ಹಾಗಿರುವಾಗ ಆ ಶಿಕ್ಷೆಯನ್ನು ಎಷ್ಟು ಅಳೆದು ತೂಗಿ ಎತ್ತಬೇಕು!

ಈಗ ಅಳೆಯುವ ಕೋಲೇ ಕಾಣುತ್ತಿಲ್ಲ. ಉಕ್ರೇನಿನ ಮೇಲಿನ ಯುದ್ಧದ ಕಾರಣಕ್ಕೆ 2024ರ ಪ್ಯಾರಿಸ್‌ನಲ್ಲಿ ರಷ್ಯಾದ 15, ಬೆಲಾರೂಸ್‌ನ 17 ಮಂದಿ ಮಾತ್ರ, ಬಾವುಟವಿಲ್ಲದೆ, ತಟಸ್ಥರು ಎಂಬ ಹೆಸರಿನಲ್ಲಿ ಆಡಿದರು. ತಮ್ಮ ಊರಿನ ಮೇಲೆ ಕ್ಷಿಪಣಿ ಬೀಳುತ್ತಿರುವಾಗ ಎದುರಿನ ಅಂಕಣದಲ್ಲಿ ಆ ದೇಶದ ಬಾವುಟ ನೋಡಲಾರೆವು ಎನ್ನುವ ಉಕ್ರೇನಿಗರ ಸಂಕಟ ನನಗೆ ಅರ್ಥವಾಗುತ್ತದೆ, ಅದರ ಪರವಾಗಿಯೇ ನಾನಿದ್ದೇನೆ. ಆದರೆ ಬೇರೆ ಯುದ್ಧಗಳಿಗೆ ಬೇರೆ ನಿಯಮವೇಕೆ ಎಂದು ಯಾರಾದರೂ ಕೇಳಿದಾಗ ನಿಮ್ಮ ಸಮಿತಿಯ ಬಳಿ ಅಚ್ಚಾದ ಉತ್ತರವಿರಬೇಕು. ಯಾವ ಕೃತ್ಯಕ್ಕೆ ಬಾಗಿಲು ಮುಚ್ಚುತ್ತದೆ, ಏನು ಮಾಡಿದರೆ ತೆರೆಯುತ್ತದೆ ಎಂಬುದು ಯುದ್ಧ ಶುರುವಾಗುವ ಮೊದಲೇ ಬರೆದಿಟ್ಟಿರಬೇಕು. ನಾಲ್ಕು ವರ್ಷ ಬೆಳಗಿನ ಜಾವ ಎದ್ದು ಈಜುವುದು ಏನೆಂದು ನಿಮಗೆ ಗೊತ್ತು. ಅಥೆನ್ಸ್ ಮತ್ತು ಬೀಜಿಂಗ್‌ಗಳಲ್ಲಿ ನೀವು ಗೆದ್ದ ಏಳು ಪದಕ ಬಿಟ್ಟರೆ ನಿಮ್ಮ ದೇಶಕ್ಕಿರುವುದು ಆ ಹಾಕಿ ಚಿನ್ನ ಒಂದೇ. ಕೊನೆಯ ತಿಂಗಳಲ್ಲಿ ಬರುವ ಒಂದು ಕಾಗದ ಆ ಏಳನ್ನೂ ಅಳಿಸಿಬಿಡಬಹುದಿತ್ತು.

ನಮ್ಮ ಕಡೆಯ ಮಾತನ್ನೂ ಹೇಳಬೇಕು. 2025ರ ಏಪ್ರಿಲ್‌ನಲ್ಲಿ ನೀರಜ್ ಚೋಪ್ರಾ ತಮ್ಮ ಹೆಸರಿನ ಜಾವೆಲಿನ್ ಕೂಟಕ್ಕೆ ಪ್ಯಾರಿಸ್ ಚಾಂಪಿಯನ್ ಆದ ಪಾಕಿಸ್ತಾನದ ಅರ್ಷದ್ ನದೀಮ್‌ರನ್ನು ಕರೆದಿದ್ದರು. ಅದರ ಬೆನ್ನಿಗೇ ಕಾಶ್ಮೀರದ ಪಹಲ್ಗಾಮ್‌ನಲ್ಲಿ ಭಯೋತ್ಪಾದಕರ ದಾಳಿಗೆ ಅಮಾಯಕರ ರಕ್ತ ಹರಿಯಿತು. ಆ ದುಃಖ, ಆ ಸಿಟ್ಟು ನನ್ನದೂ ಆಗಿತ್ತು. ಆದರೆ ದೇಶಕ್ಕೆ ಚಿನ್ನ ತಂದ ಹುಡುಗನ ನಿಷ್ಠೆಯನ್ನೇ ಜನ ಪ್ರಶ್ನಿಸಿದರು, ಅವನ ತಾಯಿಯನ್ನೂ ಬಿಡಲಿಲ್ಲ. ಪ್ಯಾರಿಸ್‌ನಲ್ಲಿ ಮಗ ಎರಡನೆಯವನಾದಾಗ, ಗೆದ್ದ ನದೀಮ್ ಕೂಡ ತನ್ನ ಮಗನೇ ಎಂದಿದ್ದ ತಾಯಿ ಆಕೆ. ಜುಲೈ 5ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಆ ಕೂಟ ನಡೆಯಿತು. ನಾನು ಗ್ಯಾಲರಿಯಲ್ಲಿದ್ದೆ. ನೀರಜ್ ಗೆದ್ದಾಗ ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಮನೆಗೆ ಬರುವ ದಾರಿಯಲ್ಲಿ ಮತ್ತದೇ ಪ್ರಶ್ನೆ ಕಾಡಿತು: ಮೈದಾನದಲ್ಲಿ ಯಾರಿರಲಿಲ್ಲ?

2028ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕ್ರಿಕೆಟ್ ಒಲಿಂಪಿಕ್ಸ್‌ಗೆ ಮರಳುತ್ತಿದೆ. 1984ರಲ್ಲಿ ಸೋವಿಯತ್ ಬಣ ಬಾರದೆ ಸೇಡು ತೀರಿಸಿಕೊಂಡ ಊರು ಅದು. ಈ ಸಲ ವೀಸಾ ಕಿಟಕಿಯಲ್ಲೇ ಆಟ ನಿರ್ಧಾರವಾಗದಂತೆ ನೋಡಿಕೊಳ್ಳಿ. 2025ರ ಅಕ್ಟೋಬರಿನಲ್ಲಿ ಇಸ್ರೇಲಿನ ಜಿಮ್ನಾಸ್ಟ್‌ಗಳಿಗೆ ವೀಸಾ ಕೊಡದ ಇಂಡೊನೇಷ್ಯಾದ ಜೊತೆ ಆತಿಥ್ಯದ ಮಾತುಕತೆಯನ್ನೇ ನಿಮ್ಮ ಸಮಿತಿ ನಿಲ್ಲಿಸಿತು. ಆ ಕಟ್ಟುನಿಟ್ಟು ದೊಡ್ಡ ದೇಶಗಳ ಎದುರೂ ಇರಲಿ.

ನನ್ನ ದೇಶದ ಎದುರೂ ಇರಲಿ. 2019ರ ಫೆಬ್ರುವರಿಯಲ್ಲಿ ಪುಲ್ವಾಮಾ ದಾಳಿಯ ಬಳಿಕ, ದೆಹಲಿಯ ಶೂಟಿಂಗ್ ವಿಶ್ವಕಪ್‌ಗೆ ಬರಬೇಕಿದ್ದ ಪಾಕಿಸ್ತಾನದ ಇಬ್ಬರು ಶೂಟರ್‌ಗಳಿಗೆ ನಾವು ವೀಸಾ ಕೊಡಲಿಲ್ಲ. ಅವರು ಸ್ಪರ್ಧಿಸಬೇಕಿದ್ದ ವಿಭಾಗದ ಒಲಿಂಪಿಕ್ ಕೋಟಾ ರದ್ದಾಯಿತು, ಗುರಿಯಿಟ್ಟು ಬಂದಿದ್ದ ಬೇರೆ ದೇಶದವರಿಗೂ ನಷ್ಟವಾಯಿತು. ಈಗ ಅಹಮದಾಬಾದ್‌ಗೆ 2036ರ ಒಲಿಂಪಿಕ್ಸ್ ಕೊಡಿ ಎಂದು ನಾವು ನಿಮ್ಮ ಬಾಗಿಲಿಗೆ ಬಂದಿದ್ದೇವೆ. ಆ ಕೂಟ ಇಲ್ಲಿ ನಡೆಯಬೇಕೆಂದು ಮನಸಾರೆ ಬಯಸುತ್ತೇನೆ. ನಮ್ಮ ನಿಯೋಗ ನಿಮ್ಮೆದುರು ಕುಳಿತಾಗ ಮೊದಲು ಆ ಇಬ್ಬರು ಶೂಟರ್‌ಗಳ ವಿಚಾರ ಎತ್ತಿ. ಉತ್ತರವನ್ನು ಬರಹದಲ್ಲೇ ಪಡೆದುಕೊಳ್ಳಿ.

ಇತಿ,
ಹಾಕಿ ನೋಡುತ್ತ ಬೆಳೆದ ಒಬ್ಬ ಕನ್ನಡಿಗ